ಸೇಡಿಗೆ ಸಿಕ್ಕವರು

2025ರ ಮೇ 9ರ ಬೆಳಿಗ್ಗೆ. ಕುಮಟಾಕ್ಕೆ ಹೋಗುವ ಬಸ್ಸಿಗಾಗಿ ಕತಗಾಲದ ಒಂದು ಚಾ ಅಂಗಡಿಯಲ್ಲಿ ಕುಳಿತಿದ್ದೆವು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬರಬೇಕಾದ ಬಸ್ಸು ಬರುವ ಲಕ್ಷಣವಿರಲಿಲ್ಲ. ಅಂಗಡಿಯ ಟಿವಿಯಲ್ಲಿ ಸುದ್ದಿವಾಹಿನಿಯೊಂದು ಕಿರುಚುತ್ತಿತ್ತು. ಕರಾಚಿ ಬಂದರು ಹಿಂದಿನ ರಾತ್ರಿಯೇ ನಾಶವಾಯಿತು ಎಂದು ಕೋಟು ತೊಟ್ಟ ಒಬ್ಬ ಮೇಜು ಕುಟ್ಟಿ ಹೇಳುತ್ತಿದ್ದ. ಅದು ಶುದ್ಧ ಸುಳ್ಳು ಎಂದು ಆಮೇಲೆ ಗೊತ್ತಾಯಿತು. ಆ ಹೊತ್ತಿಗೆ ಮಾತ್ರ ಅಂಗಡಿಯಲ್ಲಿದ್ದ ಎಂಟು ಹತ್ತು ಜನರ ಮುಖದಲ್ಲಿ ಹಬ್ಬದ ಕಳೆ ಇತ್ತು.

ಒಬ್ಬ ಹುಡುಗ ಲೋಟ ಕೆಳಗಿಡುತ್ತ, "ಈ ಸಲ ಬಿಡೂಕಾಗ. ಆ ಬದಿಗೆ ಒಂದೇ ಒಂದು ಊರು ಉಳೀಬಾರದು" ಎಂದ. ಮೂಲೆಯಲ್ಲಿ ಕವಳ ಹಾಕುತ್ತಿದ್ದ ಮುದುಕರೊಬ್ಬರು ಅವನನ್ನು ನೋಡಿದರು. "ಊರು ಅಂದ್ರೆ ಎಂತದಾ ತಮಾ? ಅಲ್ಲೂ ಹಿಂಗೇ ಒಂದು ಚಾ ಅಂಗಡಿ ಇರೂದಿಲ್ವನಾ?" ಎಂದರು. "ಅಜ್ಜಾ, ನಿಮಗೆ ಇದೆಲ್ಲ ಗೊತ್ತಾಗೂದಿಲ್ಲ" ಎಂದು ಹುಡುಗ ನಕ್ಕ. ಉಳಿದವರೂ ನಕ್ಕರು. ಮಾತು ಮಳೆಯ ಕಡೆಗೂ ಅಡಿಕೆ ಧಾರಣೆಯ ಕಡೆಗೂ ಹೊರಳಿತು.

ನಾವು ಬಾಯಿ ಬಿಡಲಿಲ್ಲ. ಆ ಅಜ್ಜ ಕೇಳಿದ ಪ್ರಶ್ನೆಯೇ ನಮ್ಮ ನಾಲಗೆಯ ತುದಿಯಲ್ಲೂ ಇತ್ತು. ಆದರೆ ಅದನ್ನು ಅವರು ಕೇಳಿದರೆ ನಗೆ, ನಾವು ಕೇಳಿದರೆ ದೇಶದ್ರೋಹ. ನಮ್ಮ ಹೆಸರು ಕೇಳಿದ ಮೇಲೆ ನಮ್ಮ ಮಾತಿನ ಅರ್ಥವೇ ಬೇರೆಯಾಗುತ್ತದೆ ಎಂಬುದು ಈ ಕರಾವಳಿಯಲ್ಲಿ ನಾವು ಚೆನ್ನಾಗಿ ಕಲಿತ ಪಾಠ. ಅಂದು ಆಡದೆ ನುಂಗಿದ ಮಾತನ್ನು ಇಲ್ಲಿ ಆಡುತ್ತಿದ್ದೇವೆ. ಜೊತೆಗೆ ನಮ್ಮವರಿಗೂ ಹಿತವಾಗದ ಇನ್ನೊಂದು ಮಾತನ್ನೂ ಆಡುವುದಿದೆ.

ಮೊದಲೇ ಒಂದು ಸ್ಪಷ್ಟನೆ. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದವರು ಕೊಲೆಗಡುಕರು. ಧರ್ಮ ಕೇಳಿ ಕೊಂದರು, ಹೆಂಡತಿ ಮಕ್ಕಳ ಎದುರೇ ಕೊಂದರು. ಸತ್ತವರಲ್ಲಿ ನಮ್ಮ ಶಿವಮೊಗ್ಗದವರೊಬ್ಬರಿದ್ದರು. ಅಂಥ ಕೊಲೆಗಡುಕರನ್ನೂ ಅವರನ್ನು ಕಳಿಸಿದವರನ್ನೂ ಹುಡುಕಿ ಹಿಡಿಯುವುದು, ಹಿಡಿಯಲಾಗದಿದ್ದರೆ ಹೊಡೆಯುವುದು ಸರಕಾರದ ಕರ್ತವ್ಯ. ಒಂದು ಕೆನ್ನೆಗೆ ಹೊಡೆದರೆ ಇನ್ನೊಂದನ್ನು ತೋರಿಸಿ ಎಂದು ನಾವು ಯಾವ ಸರಕಾರಕ್ಕೂ ಹೇಳುತ್ತಿಲ್ಲ. ನಮ್ಮ ತಕರಾರು ಆ ಹುಡುಗನ ಎರಡನೇ ವಾಕ್ಯದ ಬಗ್ಗೆ. ಕೊಂದವನನ್ನು ಹೊಡೆಯುವುದಕ್ಕೂ ಅವನ ಊರು ಉಳಿಯಬಾರದು ಎನ್ನುವುದಕ್ಕೂ ನಡುವೆ ಒಂದು ಗೆರೆಯಿದೆ. ಸೇಡು ಆ ಗೆರೆಯನ್ನು ದಾಟುವುದು ಬಹುತೇಕ ಒಂದೇ ಕಾರಣಕ್ಕೆ. ತಪ್ಪು ಮಾಡಿದವನು ಕೈಗೆ ಸಿಗುವುದಿಲ್ಲ, ಅವನನ್ನು ಹೋಲುವವನು, ಅವನ ನೆರೆಯವನು, ಅವನ ಧರ್ಮದವನು ಸುಲಭವಾಗಿ ಸಿಗುತ್ತಾನೆ. ಹಾಗೆ ಸಿಕ್ಕವನ ಮೇಲೆ ಲೆಕ್ಕ ತೀರಿಸಿಕೊಂಡು ಅದಕ್ಕೆ ನ್ಯಾಯ ಎಂದು ಹೆಸರಿಡುತ್ತಾರೆ.

ಇದನ್ನು ಕಲಿಯಲು ಕತಗಾಲದವರು ಗಾಝಾಕ್ಕೆ ಹೋಗಬೇಕಾಗಿಲ್ಲ. ಪಕ್ಕದ ಅಘನಾಶಿನಿಯನ್ನು ಹಿಡಿದು ಕೆಳಗೆ ಹೋದರೆ ಮಿರ್ಜಾನ್ ಕೋಟೆ, ಇನ್ನೂ ಕೆಳಗೆ ಹೊಳೆ ಕಡಲು ಸೇರುವಲ್ಲಿ ಗುಡ್ಡದ ಮೇಲೆ ರಾಜಮಂದುರ್ಗ. ಅಲ್ಲಿಂದ ದಕ್ಷಿಣಕ್ಕೆ ಹೊನ್ನಾವರ, ಭಟ್ಕಳ. ಐನೂರು ವರ್ಷಗಳಿಂದ ಈ ಸಾಲಿನ ಊರುಗಳು ಬೇರೆಯವರ ಸೇಡಿಗೆ ಬೆಲೆ ತೆತ್ತಿವೆ.

1500ರ ಡಿಸೆಂಬರಿನಲ್ಲಿ ಕಲ್ಲಿಕೋಟೆಯಲ್ಲಿ ಪೋರ್ಚುಗೀಸರ ವ್ಯಾಪಾರ ಕೋಠಿಯ ಮೇಲೆ ದಾಳಿಯಾಗಿ ಅವರ ಹಲವಾರು ಜನ ಸತ್ತರು. ಅದು ಕೊಲೆಯೇ, ಅದನ್ನು ಮರೆಮಾಚುವ ಅಗತ್ಯವಿಲ್ಲ. ಅದರ ಸೇಡಿಗೆಂದು 1502ರಲ್ಲಿ ವಾಸ್ಕೋ ಡ ಗಾಮ ಎರಡನೇ ಸಲ ಬಂದ. ಭಟ್ಕಳದ ಅರಸನಿಂದ ಅಕ್ಕಿಯ ಕಪ್ಪ ಒಪ್ಪಿಸಿಕೊಂಡು ಮುಂದೆ ಹೋದ. ಕಣ್ಣೂರಿನ ಹತ್ತಿರ ಏಳಿಮಲೆಯ ಎದುರು ಮಕ್ಕಾದಿಂದ ಮರಳುತ್ತಿದ್ದ ಮೀರಿ ಎಂಬ ಹಡಗು ಅವನಿಗೆ ಸಿಕ್ಕಿತು. ನೂರಾರು ಯಾತ್ರಿಕರು, ಅವರಲ್ಲಿ ಹೆಂಗಸರೂ ಮಕ್ಕಳೂ. ಹಣ ಕೊಡುತ್ತೇವೆ, ಬಿಟ್ಟುಬಿಡಿ ಎಂದು ಅವರು ಬೇಡಿಕೊಂಡರು. ಹೆಂಗಸರು ಒಡವೆಗಳನ್ನೂ ಹಸುಗೂಸುಗಳನ್ನೂ ಎತ್ತಿ ಹಿಡಿದು ತೋರಿಸಿದರು. ಗಾಮ ಹಡಗಿಗೆ ಬೆಂಕಿ ಹಾಕಿಸಿದ. ಇದನ್ನು ಬರೆದವನು ನಮ್ಮವನಲ್ಲ, ಗಾಮನ ಪಡೆಯ ಜೊತೆಗೇ ಬಂದಿದ್ದ ತೋಮೆ ಲೋಪೆಸ್. ಕಲ್ಲಿಕೋಟೆಯ ಕೋಠಿಗೆ ನುಗ್ಗಿದವರು ಆ ಹಡಗಿನಲ್ಲಿರಲಿಲ್ಲ. ಅವರು ಸಿಗಲಿಲ್ಲ, ಇವರು ಸಿಕ್ಕರು.

ನಲವತ್ತು ವರ್ಷಗಳ ನಂತರ ಸರದಿ ಭಟ್ಕಳದ್ದು. ರಾಣಿ ಕಪ್ಪ ಕೊಡಲಿಲ್ಲ, ಕಡಲುಗಳ್ಳರಿಗೆ ಆಸರೆ ಕೊಟ್ಟಳು ಎಂಬುದು ಆರೋಪ. 1542ರಲ್ಲಿ ಗವರ್ನರ್ ಮಾರ್ತಿಂ ಅಫೋನ್ಸೊ ದ ಸೋಜ ದಂಡು ಕಟ್ಟಿಕೊಂಡು ಬಂದು ಪೇಟೆಯನ್ನು ಲೂಟಿ ಮಾಡಿದ, ಸುಟ್ಟ, ತೋಟದ ಮರಗಳನ್ನು ಕಡಿಸಿದ. ಬೀದಿಯಲ್ಲಿ ನಡೆದ ಕಗ್ಗೊಲೆಯನ್ನು ಪೋರ್ಚುಗೀಸ್ ಚರಿತ್ರೆಕಾರರೇ ಬರೆದಿದ್ದಾರೆ. ಲೂಟಿಯ ಪಾಲಿಗಾಗಿ ಅವನ ಸೈನಿಕರು ತಮ್ಮತಮ್ಮಲ್ಲೇ ಬಡಿದಾಡಿಕೊಂಡರು ಎಂಬುದನ್ನೂ ಅವರೇ ಬರೆದಿದ್ದಾರೆ. ಕಡಲುಗಳ್ಳರು ತೆಂಗಿನ ಮರದ ತಲೆಯಲ್ಲಿ ಅಡಗಿ ಕೂತಿದ್ದರೇ? "ಆಸರೆ ಕೊಟ್ಟವರು" ಎಂಬ ಮಾತು ಅಂದಿಗೂ ಇಂದಿಗೂ ಎಷ್ಟು ಅನುಕೂಲದ್ದು ನೋಡಿ. ಒಬ್ಬ ಕಳ್ಳನಿಗೆ ಒಂದು ಊರನ್ನೇ ಜಾಮೀನು ಮಾಡಬಹುದು.

ಇಲ್ಲಿಯವರೆಗಿನ ಕತೆ ನಮ್ಮ ಓದುಗರಿಗೆ ಇಷ್ಟವಾಗುತ್ತದೆ. ಪರದೇಶಿ ಸಾಮ್ರಾಜ್ಯಶಾಹಿ, ನೊಂದ ಕರಾವಳಿ. ಮುಂದಿನದು ಅಷ್ಟು ಸುಲಭದ್ದಲ್ಲ.

1782ರ ಡಿಸೆಂಬರಿನಲ್ಲಿ ಹೈದರಾಲಿ ತೀರಿಕೊಂಡ. ಬೊಂಬಾಯಿಯ ಇಂಗ್ಲಿಷ್ ಸರಕಾರಕ್ಕೆ ಇದೇ ಸಮಯ ಎನ್ನಿಸಿತು. ಜನರಲ್ ರಿಚರ್ಡ್ ಮ್ಯಾಥ್ಯೂಸ್ ಅಘನಾಶಿನಿಯ ಬಾಯಲ್ಲಿ, ಅದೇ ರಾಜಮಂದುರ್ಗದಲ್ಲಿ ಇಳಿದ. ಆ ದುರ್ಗ ಬಿತ್ತು. 1783ರ ಜನವರಿ ಮೊದಲ ವಾರದಲ್ಲಿ ಹೊನ್ನಾವರದ ಕೋಟೆಗೆ ಲಗ್ಗೆ ಹಾಕಿ ಹಿಡಿದರು. ಘಟ್ಟ ಹತ್ತಿ ಬಿದನೂರಿಗೆ ಹೋದರೆ ಅಲ್ಲಿಯ ಅಧಿಕಾರಿ ಹಯಾತ್ ಸಾಹೇಬ ಕೋಟೆಯನ್ನು ತಾನಾಗಿ ಒಪ್ಪಿಸಿದ. ಫೆಬ್ರವರಿಯಲ್ಲಿ ಸಾಗರ ಸೀಮೆಯ ಅನಂತಪುರದಲ್ಲಿ, ಈಗಿನ ಆನಂದಪುರದಲ್ಲಿ, ಕೋಟೆಯವರು ಶರಣಾಗಲು ಒಪ್ಪಲಿಲ್ಲ. ಸಂಧಾನದ ಬಿಳಿ ಬಾವುಟ ಹಿಡಿದು ಹೋದವರನ್ನು ಅವರು ತಡೆದಿಟ್ಟರು ಎಂಬುದು ಇಂಗ್ಲಿಷರ ದೂರು. ಕೋಟೆ ಬಿದ್ದ ಮೇಲೆ ಒಳಗಿದ್ದ ಪಡೆಯನ್ನು ಕೊಚ್ಚಿ ಹಾಕಿದರು. ನಾನೂರು ಹೆಂಗಸರು ಬಯೊನೆಟ್ಟಿನ ಗಾಯಗಳಿಂದ ಸತ್ತು ಬಿದ್ದಿದ್ದರು ಎಂದು ಇಂಗ್ಲಿಷ್ ಅಧಿಕಾರಿಯೊಬ್ಬ ಬರೆದ ಕಾಗದ ಲಂಡನ್ನಿನಲ್ಲಿ ಅಚ್ಚಾಗಿ ದೊಡ್ಡ ಗದ್ದಲವಾಯಿತು. ಆ ದಂಡಿನ ಇತರ ಅಧಿಕಾರಿಗಳು ಅದನ್ನು ಅಲ್ಲಗಳೆದರು. ಹೆಂಗಸರ ಲೆಕ್ಕದ ವಾದ ಹಾಗಿರಲಿ, ಕೋಟೆಯವರ ಕೊಲೆಯ ಬಗ್ಗೆ ವಾದವಿಲ್ಲ. ಬಾವುಟಕ್ಕೆ ಅವಮಾನ ಮಾಡಿದವನು ಒಬ್ಬ ಕಿಲ್ಲೇದಾರ. ಪ್ರಾಣ ತೆತ್ತವರು ಎಷ್ಟು ಜನ?

ಆಮೇಲೆ ಟಿಪ್ಪು ಬಂದ. ಏಪ್ರಿಲ್ ಕೊನೆಯ ಹೊತ್ತಿಗೆ ಬಿದನೂರನ್ನು ಮರಳಿ ಪಡೆದ. ಮ್ಯಾಥ್ಯೂಸ್ ಸೆರೆಯಾಗಿ ಅದೇ ವರ್ಷ ಶ್ರೀರಂಗಪಟ್ಟಣದಲ್ಲಿ ಸತ್ತ. ಮಂಗಳೂರಿಗೂ ಹೊನ್ನಾವರಕ್ಕೂ ಮುತ್ತಿಗೆ ಬಿತ್ತು. ಹೊನ್ನಾವರದಲ್ಲಿ ಕ್ಯಾಪ್ಟನ್ ಟೋರಿಯಾನೊ ಎಂಬವನು ಹಸಿವು, ರೋಗಗಳ ನಡುವೆ ಕೋಟೆ ಹಿಡಿದು ಕೂತ. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಗುವವರೆಗೆ ಕೋಟೆ ಬೀಳಲಿಲ್ಲ. ಇಷ್ಟರವರೆಗೆ ಇದು ಯುದ್ಧ. ತನ್ನ ನೆಲಕ್ಕೆ ನುಗ್ಗಿದ ಕಂಪನಿಯ ದಂಡನ್ನು ಟಿಪ್ಪು ಸುಲ್ತಾನ ಎದುರಿಸಿದ್ದರಲ್ಲಿ, ಮಣಿಸಿದ್ದರಲ್ಲಿ ತಪ್ಪು ಹುಡುಕುವವರಿಗೆ ನಾವು ಕಿವಿಗೊಡುವುದಿಲ್ಲ.

ಆದರೆ ಅದರಾಚೆ ಏನಾಯಿತು? 1801ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಹೊನ್ನಾವರದ ಬಗ್ಗೆ ಬರೆದದ್ದರ ಸಾರ ಇದು: ಒಂದು ಕಾಲದಲ್ಲಿ ದೊಡ್ಡ ವ್ಯಾಪಾರದ ಪಟ್ಟಣ, ಹೈದರಾಲಿ ಇಲ್ಲಿ ಯುದ್ಧನೌಕೆ ಕಟ್ಟುವ ಕಾರ್ಖಾನೆ ಇಟ್ಟಿದ್ದ. ಮಂಗಳೂರು ಒಪ್ಪಂದದಿಂದ ಊರು ಕೈಗೆ ಮರಳಿದ ಮೇಲೆ ಟಿಪ್ಪು ಅದನ್ನು ಪೂರ್ತಿ ಕೆಡವಿಸಿದ. ಕುಮಟಾದ ಬಗ್ಗೆಯೂ ಬರೆದಿದ್ದಾನೆ. ಎರಡು ಸಲ ಟಿಪ್ಪುವಿನ ದಂಡು ಹತ್ತಿರದಲ್ಲಿ ಬೀಡು ಬಿಟ್ಟಿತು, ಎರಡು ಸಲವೂ ದಂಡಿನ ಜೊತೆಗಿದ್ದ ಪುಂಡುಪಡೆ ಊರನ್ನು ಸುಟ್ಟಿತು. ಸುಟ್ಟದ್ದು ಶತ್ರುವಿನ ಊರನ್ನಲ್ಲ, ತನ್ನದೇ ದೊರೆಯ ರಾಜ್ಯದ ಊರನ್ನು. ದಂಡು ಬಂದಾಗ ಕರಾವಳಿಯ ಬಡವನಿಗೆ ಇದ್ದದ್ದು ಎರಡೇ ದಾರಿ, ದೋಣಿ ಇಲ್ಲವೇ ಘಟ್ಟ. ಘಟ್ಟದ ದಾರಿ ಹಿಡಿದ ಕುಮಟಾದವರು ಕತಗಾಲದ ಬದಿಯಿಂದಲೇ ಹತ್ತಿರಬೇಕು.

ಬುಕಾನನ್ ಕಂಪನಿಯ ನೌಕರ, ಅವನ ಮಾತು ನಂಬಬೇಕೇ ಎಂದು ನಮ್ಮವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಟಿಪ್ಪುವಿನ ಕಾಲದ ಬೇಸಾಯ, ಕಬ್ಬಿಣದ ಕೆಲಸ, ಕೆರೆಕಟ್ಟೆಗಳ ಬಗ್ಗೆ ಹೇಳುವಾಗ ನಾವು ಅದೇ ಬುಕಾನನ್ನನನ್ನು ಪುಟ ಸಂಖ್ಯೆಯ ಸಹಿತ ಎತ್ತಿ ಹೇಳುತ್ತೇವಲ್ಲ!

ಎಲ್ಲಕ್ಕಿಂತ ದೊಡ್ಡದು ಕೆನರಾದ ಕ್ರೈಸ್ತರ ಸೆರೆ. 1784ರ ಫೆಬ್ರವರಿಯ ಬೂದಿ ಬುಧವಾರ, ಆ ಸಮುದಾಯ ಇಂದಿಗೂ ನೆನಪಿಟ್ಟಿರುವ ದಿನ. ಇಂಗ್ಲಿಷರಿಗೆ ನೆರವಾದರು ಎಂಬ ಆರೋಪದ ಮೇಲೆ ಕರಾವಳಿಯ ಉದ್ದಕ್ಕೂ ಅವರನ್ನು ಹಿಡಿದು, ಆಸ್ತಿ ಕಸಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಬೇರೆಬೇರೆ ಲೆಕ್ಕಗಳಿವೆ. ಕಡಿಮೆಯದನ್ನೇ ಹಿಡಿಯೋಣ. ಮೂವತ್ತು ಸಾವಿರ ಜನ. ಅವರಲ್ಲಿ ಮ್ಯಾಥ್ಯೂಸನಿಗೆ ದುಡ್ಡು ಕೊಟ್ಟವರು, ಸುದ್ದಿ ಮುಟ್ಟಿಸಿದವರು ಎಷ್ಟಿರಬಹುದು? ಐವತ್ತು? ನೂರು? ಉಳಿದವರು ಗೇಣಿಗೆ ಗದ್ದೆ ಮಾಡುವವರು, ಬಾಣಂತಿಯರು, ತೊಟ್ಟಿಲ ಮಕ್ಕಳು. ದಾರಿಯಲ್ಲೇ ಬಹಳ ಜನ ಸತ್ತರು. ಉಳಿದವರು ಊರು ಕಂಡದ್ದು 1799ರಲ್ಲಿ ಟಿಪ್ಪು ಬಿದ್ದ ಮೇಲೆ, ಹದಿನೈದು ವರ್ಷಗಳ ನಂತರ.

ಇದಕ್ಕೆ ನಮ್ಮ ಕಡೆಯಿಂದ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ಅವರು ದ್ರೋಹ ಬಗೆದರು ಎಂಬುದು ಒಂದು. ಟಿಪ್ಪುವಿನ ತಂದೆಗೂ ಇದೇ ಪ್ರಶ್ನೆ ಎದುರಾಗಿತ್ತು ಎಂಬುದನ್ನು ಹೀಗೆ ಹೇಳುವವರು ಓದಿಲ್ಲ. 1768ರಲ್ಲಿ ಇಂಗ್ಲಿಷರು ಮಂಗಳೂರನ್ನು ಹಿಡಿದಾಗ ಕ್ರೈಸ್ತರು ಅವರಿಗೆ ನೆರವಾದರು ಎಂಬ ದೂರು ಹೈದರನ ಮುಂದೆ ಬಂತು. ಇಂಥ ದ್ರೋಹಕ್ಕೆ ನಿಮ್ಮಲ್ಲಿ ಏನು ಶಿಕ್ಷೆ ಎಂದು ಅವನು ಪೋರ್ಚುಗೀಸ್ ಪಾದ್ರಿಗಳನ್ನೇ ಕೇಳಿದನಂತೆ. ಮರಣದಂಡನೆ ಎಂಬ ಉತ್ತರ ಬಂತು. ಹೈದರ್ ಅದನ್ನು ಕೊಡಲಿಲ್ಲ. ಆಸ್ತಿ ಮುಟ್ಟುಗೋಲು ಹಾಕಿ ಸೆರೆಯಲ್ಲಿಟ್ಟ, ಇಂಗ್ಲಿಷರೊಡನೆ ರಾಜಿಯಾದ ಮೇಲೆ ಬಿಟ್ಟುಬಿಟ್ಟ. ಇಡೀ ಸಮುದಾಯವನ್ನು ಬೇರುಸಹಿತ ಕೀಳಲಿಲ್ಲ. ಓದು ಬರಹ ಬಾರದ ಹೈದರನಿಗೆ ಹೊಳೆದದ್ದು ದೊಡ್ಡ ಗ್ರಂಥಾಲಯ ಕಟ್ಟಿದ ಮಗನಿಗೆ ಹೊಳೆಯಲಿಲ್ಲ ಎಂದರೆ ಅದು ಕಾಲದ ತಪ್ಪಲ್ಲ.

ಎರಡನೆಯ ಉತ್ತರ ಅದೇ, ಆ ಕಾಲವೇ ಹಾಗಿತ್ತು ಎಂಬುದು. ಹಾಗಿರಲಿಲ್ಲ. ಟಿಪ್ಪುವಿಗಿಂತ ಸಾವಿರದ ನೂರು ವರ್ಷಗಳ ಹಿಂದೆ ಮೊದಲನೆಯ ಖಲೀಫ ಅಬೂಬಕರ್ ಸಿರಿಯಾಕ್ಕೆ ಹೊರಟ ದಂಡಿಗೆ ಕೊಟ್ಟ ಆದೇಶ ಇಮಾಮ್ ಮಾಲಿಕರ ಸಂಗ್ರಹದಲ್ಲಿದೆ. ಹೆಂಗಸರನ್ನು, ಮಕ್ಕಳನ್ನು, ಮುದುಕರನ್ನು ಮುಟ್ಟಬೇಡಿ, ಮಠಗಳಲ್ಲಿ ಕುಳಿತವರನ್ನು ಅವರ ಪಾಡಿಗೆ ಬಿಡಿ, ಹಣ್ಣಿನ ಮರ ಕಡಿಯಬೇಡಿ ಎಂಬುದು ಅದರ ತಾತ್ಪರ್ಯ. ಪ್ರತಿ ಶುಕ್ರವಾರ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು ಶ್ರೀರಂಗಪಟ್ಟಣದ ವಿಷಯ ಬಂದಾಗ ಕಾಲಧರ್ಮದ ಹಿಂದೆ ಅಡಗುವುದು ಹೇಗೆ ಸರಿ? ಗೆರೆ ಇರಲಿಲ್ಲ ಎನ್ನಲಾಗದು. ಇತ್ತು, ದಾಟಿದರು.

ಇಷ್ಟು ಓದಿ ಕುಣಿಯುವವರೂ ಇದ್ದಾರೆ, ಅವರಿಗೂ ಒಂದು ಮಾತು. 2015ರಲ್ಲಿ ರಾಜ್ಯ ಸರಕಾರ ಟಿಪ್ಪು ಜಯಂತಿ ಆರಂಭಿಸಿದಂದಿನಿಂದ 2019ರಲ್ಲಿ ಅದು ರದ್ದಾಗುವವರೆಗೆ, ಪ್ರತಿ ನವೆಂಬರಿನಲ್ಲೂ ಕೆನರಾದ ಕ್ರೈಸ್ತರಿಗಾಗಿ ಕಣ್ಣೀರು ಹಾಕಿದವರಲ್ಲಿ ಎಷ್ಟು ಜನ 2008ರಲ್ಲಿ ಮಂಗಳೂರಿನ ಚರ್ಚುಗಳ ಮೇಲೆ ದಾಳಿಯಾದಾಗ ಅದೇ ಕ್ರೈಸ್ತರ ಪರ ನಿಂತರು? ಶೃಂಗೇರಿ ಮಠವನ್ನು 1791ರಲ್ಲಿ ಲೂಟಿ ಮಾಡಿದ್ದು ಪರಶುರಾಮ ಭಾವೂವಿನ ಮರಾಠಾ ದಂಡು. ಮಠಕ್ಕೆ ನೆರವು ಕಳಿಸಿದ್ದು ಟಿಪ್ಪು, ಅವನ ಕನ್ನಡ ಪತ್ರಗಳು ಮಠದಲ್ಲೇ ಸಿಕ್ಕವು. ಅದನ್ನು ಇವರು ಹೇಳುವುದಿಲ್ಲ. ಶೃಂಗೇರಿಯನ್ನು ಹೇಳುವ ನಮ್ಮವರು ಬೂದಿ ಬುಧವಾರವನ್ನು ಹೇಳುವುದಿಲ್ಲ. ಒಬ್ಬರ ಹೆಣವನ್ನು ಇನ್ನೊಬ್ಬರ ಹೆಣದಿಂದ ಮುಚ್ಚುವ ಈ ವ್ಯಾಪಾರದಲ್ಲಿ ಎರಡೂ ಅಂಗಡಿಗಳು ಚೆನ್ನಾಗಿಯೇ ನಡೆಯುತ್ತಿವೆ.

ಈಗ ಹಳೆಯದನ್ನು ಬಿಟ್ಟು ಇಂದಿನ ಮಾತಿಗೆ ಬರೋಣ. ಗಾಮನ ಹಾಗೆ ಬಹಿರಂಗವಾಗಿ ಹಡಗು ಸುಡುವವರು ಈಗ ಕಡಿಮೆ. ನಾವು ನಾಗರಿಕರನ್ನು ಗುರಿ ಮಾಡುವುದಿಲ್ಲ, ಶತ್ರು ಅವರ ನಡುವೆ ಅಡಗಿದ್ದಾನೆ, ಸತ್ತರೆ ಪಾಪ ಅವನದು ಎಂಬುದು ಈಗಿನ ವಾದ. ಈ ವಾದದಲ್ಲಿ ಅರ್ಧ ನಿಜವಿದೆ. ಶಾಲೆಯ ಹಿಂದೆ ಬಂದೂಕು ಬಚ್ಚಿಡುವವನು ಪಾಪಿ. ಆದರೆ ಅವನ ಪಾಪ ನನ್ನ ಪಾಪವನ್ನು ತೊಳೆಯುವ ಸಾಬೂನಲ್ಲ. ಕಳ್ಳನೊಬ್ಬ ಮಗುವನ್ನು ಎತ್ತಿಕೊಂಡು ಮನೆಯೊಳಗೆ ಹೊಕ್ಕರೆ ಪೊಲೀಸರು ಆ ಮನೆಗೆ ಬೆಂಕಿ ಹಚ್ಚುತ್ತಾರೆಯೇ? ನಮ್ಮ ಮಗುವಾದರೆ ಹಚ್ಚುವುದಿಲ್ಲ. ಹಚ್ಚಬಹುದು ಎಂದು ಅನ್ನಿಸುವುದು ಮಗು ಬೇರೆಯವರದ್ದಾದಾಗ ಮಾತ್ರ. ಇಡೀ ವಾದದ ಕೀಲು ಇರುವುದು ಇಲ್ಲಿಯೇ.

ಗಾಝಾವನ್ನೇ ನೋಡಿ. 2023ರ ಅಕ್ಟೋಬರ್ 7ರಂದು ಹಮಾಸ್ ಮತ್ತು ಜೊತೆಯವರು ಇಸ್ರೇಲಿನೊಳಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದರು, ಸುಮಾರು 250 ಜನರನ್ನು ಒತ್ತೆ ಹಿಡಿದರು. ಸತ್ತವರಲ್ಲಿ ಹೆಚ್ಚಿನವರು ನಾಗರಿಕರು. ಹಬ್ಬದಲ್ಲಿ ಕುಣಿಯುತ್ತಿದ್ದ ಹುಡುಗ ಹುಡುಗಿಯರನ್ನು ಕೊಂದದ್ದು ಯಾವ ವಿಮೋಚನೆಯ ಹೋರಾಟ? ಅದಕ್ಕೆ ಉತ್ತರವಾಗಿ ಇಸ್ರೇಲ್ ನಡೆಸಿದ್ದರಲ್ಲಿ 2025ರ ಜುಲೈ ಹೊತ್ತಿಗೆ ಸತ್ತವರ ಸಂಖ್ಯೆ ಗಾಝಾದ ಆರೋಗ್ಯ ಇಲಾಖೆಯ ಲೆಕ್ಕದಂತೆ ಅರುವತ್ತು ಸಾವಿರ ದಾಟಿತ್ತು. ನೀರು, ಅನ್ನ, ಔಷಧಿ ತಡೆದದ್ದು ಬೇರೆ. ಹೇಗ್‌ನ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ 2024ರ ನವೆಂಬರಿನಲ್ಲಿ ಇಸ್ರೇಲಿನ ಪ್ರಧಾನಿ ಮತ್ತು ಮಾಜಿ ರಕ್ಷಣಾ ಸಚಿವರ ಮೇಲೆ ಬಂಧನ ವಾರಂಟ್ ಹೊರಡಿಸಿತು. ಅದೇ ದಿನ ಹಮಾಸ್‌ನ ಸೇನಾನಾಯಕನ ಮೇಲೂ ಹೊರಡಿಸಿತು. ನಮ್ಮ ಪತ್ರಿಕೆಗಳು ಮೊದಲಿನದನ್ನು ದೊಡ್ಡಕ್ಷರದಲ್ಲಿ ಹಾಕಿ ಎರಡನೆಯದನ್ನು ಒಳಪುಟಕ್ಕೆ ತಳ್ಳಿದವು. ಇನ್ನು ಕೆಲವು ತಿರುಗಿಸಿ ಹಾಕಿದವು. ನ್ಯಾಯಾಲಯ ಎರಡನ್ನೂ ಒಂದೇ ದಿನ ಹಾಕಿದ್ದರ ಅರ್ಥವನ್ನು ಹೇಳಿದವರು ಕಡಿಮೆ.

ಬಾಂಬು ಈಗ ಬಹಳ ಬುದ್ಧಿವಂತ, ಗುರಿ ತಪ್ಪುವುದಿಲ್ಲ ಎನ್ನುವವರಿಗೆ ಕಾಬೂಲ್ ನೆನಪಿರಲಿ. 2021ರ ಆಗಸ್ಟ್ 26ರಂದು ಅಲ್ಲಿಯ ವಿಮಾನ ನಿಲ್ದಾಣದ ಬಾಗಿಲಲ್ಲಿ ಆತ್ಮಹತ್ಯಾ ದಾಳಿಯಾಗಿ 13 ಅಮೆರಿಕನ್ ಸೈನಿಕರೂ ನೂರಕ್ಕೂ ಹೆಚ್ಚು ಅಫಘಾನರೂ ಸತ್ತರು. ಬೇಟೆಯಾಡಿ ಬೆಲೆ ತೆರಿಸುತ್ತೇವೆ ಎಂದು ಅಧ್ಯಕ್ಷರು ಘೋಷಿಸಿದರು. ಮೂರನೇ ದಿನ ಡ್ರೋನ್ ಒಂದು ಕಾರನ್ನು ಹೊಡೆಯಿತು. ಸತ್ತವರು ಹತ್ತು ಜನ, ಏಳು ಮಕ್ಕಳು. ಕಾರಿನವನು ಅಮೆರಿಕದ್ದೇ ನೆರವು ಸಂಸ್ಥೆಯೊಂದರ ನೌಕರ, ಕಾರಿನಲ್ಲಿದ್ದದ್ದು ನೀರಿನ ಕ್ಯಾನುಗಳು. ಮೊದಲು ಅದನ್ನು ನ್ಯಾಯವಾದ ದಾಳಿ ಎಂದವರು ಸೆಪ್ಟೆಂಬರಿನಲ್ಲಿ ದುರಂತದ ತಪ್ಪು ಎಂದರು. ಯಾವ ಅಧಿಕಾರಿಗೂ ಶಿಕ್ಷೆಯಾಗಲಿಲ್ಲ. ಎಂಟು ಗಂಟೆ ಕಾಲ ಆಕಾಶದಿಂದ ಅವನನ್ನು ನೋಡುತ್ತಲೇ ಇದ್ದರು. ಯಂತ್ರದ ಕಣ್ಣು ಚೆನ್ನಾಗಿತ್ತು. ಸೇಡಿನ ಅವಸರದಲ್ಲಿದ್ದ ಮನುಷ್ಯನಿಗೆ ನೀರಿನ ಕ್ಯಾನು ಬಾಂಬಿನ ಹಾಗೆ ಕಂಡಿತು.

ಸರಕಾರಗಳು ಮಾತ್ರ ಹೀಗೆ ಎಂದಲ್ಲ. 2014ರ ಡಿಸೆಂಬರ್ 16ರಂದು ಪೇಶಾವರದ ಸೈನಿಕ ಶಾಲೆಗೆ ನುಗ್ಗಿ ನೂರ ಮೂವತ್ತಕ್ಕೂ ಹೆಚ್ಚು ಮಕ್ಕಳನ್ನು ಕೊಂದ ತಾಲಿಬಾನಿಗಳು ಹೇಳಿದ್ದೇನು? ಸೈನ್ಯ ನಮ್ಮ ಮನೆಮಕ್ಕಳನ್ನು ಕೊಂದಿತು, ಆ ನೋವು ಅವರಿಗೂ ಗೊತ್ತಾಗಲಿ ಎಂದರು. ಸೈನ್ಯದ ದಾಳಿಯಲ್ಲಿ ಅವರ ಮಕ್ಕಳು ಸತ್ತದ್ದು ನಿಜವೇ ಇರಬಹುದು. ಹಾಗಾದರೆ ಸೈನ್ಯದ ಕಡೆಗೆ ಹೋಗಬೇಕಿತ್ತು. ಸೈನ್ಯ ಗಟ್ಟಿ, ಶಾಲೆ ಮೆತ್ತಗೆ.

ನಮ್ಮ ಜಿಲ್ಲೆಯಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಈ ವಾದ ಹೊಸತಲ್ಲ. ಅಶ್ವತ್ಥಾಮನ ಪಾತ್ರ ವಹಿಸಿದ ಒಳ್ಳೆಯ ಅರ್ಥಧಾರಿ ಸಭೆಯನ್ನೇ ಅಳಿಸಬಲ್ಲ. ಸುಳ್ಳು ಹೇಳಿ, ಶಸ್ತ್ರ ಕೆಳಗಿಟ್ಟ ನನ್ನ ಮುದಿ ತಂದೆಯ ತಲೆ ಕಡಿದರು, ಅಂದು ಎಲ್ಲಿತ್ತು ನಿಮ್ಮ ಧರ್ಮ ಎಂದು ಅವನು ಕೇಳಿದರೆ ಎದುರಿನವನ ಬಳಿ ನಿಜಕ್ಕೂ ಉತ್ತರವಿರುವುದಿಲ್ಲ. ಮೊದಲ ಅನ್ಯಾಯ ನಡೆದದ್ದು ಅವನಿಗೇ. ಆ ರಾತ್ರಿ ಪಾಂಡವರ ಪಾಳೆಯಕ್ಕೆ ನುಗ್ಗಿ ಅವನು ಧೃಷ್ಟದ್ಯುಮ್ನನನ್ನು ಕೊಂದದ್ದಕ್ಕೂ ಏನಾದರೂ ಸಮರ್ಥನೆ ಕಟ್ಟಬಹುದು. ಆದರೆ ಮಲಗಿದ್ದ ದ್ರೌಪದಿಯ ಐವರು ಮಕ್ಕಳ ಮಾತು ಬಂದಾಗ? ಉತ್ತರೆಯ ಗರ್ಭಕ್ಕೆ ಬಿಟ್ಟ ಅಸ್ತ್ರದ ಮಾತು ಬಂದಾಗ? ಎಂಥ ಮಾತುಗಾರನೂ ಅಲ್ಲಿ ತಡವರಿಸುತ್ತಾನೆ. ಅಂಗಳದಲ್ಲಿ ಕಂಬಳಿ ಹೊದ್ದು ಕುಳಿತ, ಅಕ್ಷರ ಬಾರದ ಮುದುಕಿಗೂ ಅಲ್ಲಿ ಏನೋ ತಪ್ಪಿತು ಎಂದು ತಿಳಿಯುತ್ತದೆ. ಸುದ್ದಿವಾಹಿನಿಯ ಕೋಟಿನವನಿಗೆ ತಿಳಿಯುವುದಿಲ್ಲ.

ಇದನ್ನು ಕಾಗದದ ಮೇಲೆ ಬರೆದೂ ಆಗಿದೆ. 1949ರ ನಾಲ್ಕನೆಯ ಜಿನೀವಾ ಒಪ್ಪಂದದ 33ನೇ ವಿಧಿ, ತಾನು ಮಾಡದ ತಪ್ಪಿಗೆ ಯಾರನ್ನೂ ಶಿಕ್ಷಿಸಕೂಡದು, ಸಾಮೂಹಿಕ ಶಿಕ್ಷೆಯೂ ಸೇಡಿನ ಕ್ರಮವೂ ನಿಷಿದ್ಧ ಎನ್ನುತ್ತದೆ. ಅದು ತನ್ನ ರಕ್ಷಣೆಯಲ್ಲಿರುವವರಿಗೆ, ಮುಖ್ಯವಾಗಿ ಶತ್ರುವಿನ ಕೈಗೆ ಸಿಕ್ಕ ನಾಗರಿಕರಿಗೆ ಅನ್ವಯಿಸುತ್ತದೆ. ಆಕಾಶದಿಂದ ಬೀಳುವ ಬಾಂಬಿನ ಕೆಳಗಿರುವ ನಾಗರಿಕರಿಗೂ ಅದೇ ರಕ್ಷಣೆ ಕೊಟ್ಟದ್ದು 1977ರ ಹೆಚ್ಚುವರಿ ಒಡಂಬಡಿಕೆ. ಅದಕ್ಕೆ ಅಮೆರಿಕ, ಇಸ್ರೇಲ್, ಪಾಕಿಸ್ತಾನ ಸೇರಿಲ್ಲ. ನಮ್ಮ ಭಾರತವೂ ಸೇರಿಲ್ಲ. ಕಳೆದ ಐದು ದಶಕಗಳಲ್ಲಿ ದಿಲ್ಲಿಯಲ್ಲಿ ಎಲ್ಲ ಬಣ್ಣದ ಸರಕಾರಗಳೂ ಬಂದು ಹೋದವು, ಯಾರಿಗೂ ಇದು ತುರ್ತು ಎನ್ನಿಸಲಿಲ್ಲ. ಬುದ್ಧ, ಗಾಂಧಿಯರ ಹೆಸರು ಹೇಳಿ ಲೋಕಕ್ಕೆ ಬುದ್ಧಿ ಹೇಳುವ ದೇಶ ಅದಕ್ಕೆ ಸಹಿ ಹಾಕಬೇಕು ಎಂದು ಕೇಳುವುದು ದೇಶದ್ರೋಹವಾಗಲಾರದು.

ಮತ್ತೆ 2025ರ ಮೇ ತಿಂಗಳಿಗೆ. ಮೇ 7ರ ದಾಳಿಯ ಗುರಿ ಉಗ್ರರ ಶಿಬಿರಗಳು ಮಾತ್ರ ಎಂದು ನಮ್ಮ ಸರಕಾರ ಹೇಳಿತು. ನಾಗರಿಕರು ಸತ್ತರು ಎಂದು ಪಾಕಿಸ್ತಾನ ಹೇಳಿತು. ಸರಕಾರ ಹಾಗೆ ಹೇಳಬೇಕಾಯಿತು ಎಂಬುದೇ ಗೆರೆಯ ಸಾಕ್ಷಿ. ಊರು ಉಳಿಯಬಾರದು ಎಂದ ಹುಡುಗನಿಗಿಂತ ಅವನ ಸರಕಾರವೇ ಆ ದಿನ ಮಾತಿನಲ್ಲಿ ಹೆಚ್ಚು ಎಚ್ಚರದಿಂದಿತ್ತು! ಅದೇ ದಿನ ಗಡಿಯ ಈಚೆ ಪೂಂಛ್ ಪಟ್ಟಣದ ಮೇಲೆ ಪಾಕಿಸ್ತಾನದ ಶೆಲ್‌ಗಳು ಬಿದ್ದವು. ಹಿಂದೂ, ಸಿಖ್, ಮುಸ್ಲಿಂ ಎನ್ನದೆ, ಮಕ್ಕಳೆನ್ನದೆ ಜನ ಸತ್ತರು. ಇಲ್ಲಿ ಯಾವ ಶಿಬಿರವಿತ್ತು? ಹಾಗೆ ಸತ್ತವರಲ್ಲಿ ಒಬ್ಬ ಮದರಸಾ ಅಧ್ಯಾಪಕರಿದ್ದರು. ಕೆಲವು ವಾಹಿನಿಗಳು ಅವರ ಗಡ್ಡದ ಚಿತ್ರ ತೋರಿಸಿ ಸತ್ತವನು ಭಯೋತ್ಪಾದಕ ಎಂದು ಸಾರಿದವು. ಅದು ಸುಳ್ಳೆಂದು ಪೂಂಛ್ ಪೊಲೀಸರೇ ಹೇಳಬೇಕಾಯಿತು. ಪಾಕಿಸ್ತಾನದ ಶೆಲ್‌ಗೆ ಸತ್ತ ಭಾರತೀಯ ಭಾರತದ ಟಿವಿಯಲ್ಲಿ ಪಾಕಿಸ್ತಾನದ ಉಗ್ರನಾದ. ಆಚೆಯ ಸೇಡಿಗೂ ಅವನೇ ಸಿಕ್ಕ, ಈಚೆಯ ಸೇಡಿಗೂ ಅವನೇ ಸಿಕ್ಕ.

ಭಟ್ಕಳದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಆ ಊರಲ್ಲಿ ಹುಟ್ಟಿದ ಕೆಲವರ ಹೆಸರು ಬಾಂಬ್ ಪ್ರಕರಣಗಳಲ್ಲಿ ಬಂತು, ಹೈದರಾಬಾದಿನ ದಿಲ್‌ಸುಖ್‌ನಗರದ ಪ್ರಕರಣದಲ್ಲಿ 2016ರಲ್ಲಿ ಶಿಕ್ಷೆಯೂ ಆಯಿತು. ಅಪರಾಧ ಮಾಡಿದವರಿಗೆ ಶಿಕ್ಷೆಯಾಗಲಿ, ನಮ್ಮದೇನೂ ತಕರಾರಿಲ್ಲ. ಆದರೆ ಅಂದಿನಿಂದ ಊರಿನ ಹೆಸರೇ ಒಂದು ಆರೋಪಪಟ್ಟಿಯಾಗಿದೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದ ಹುಡುಗ ಊರು ಯಾವುದು ಎಂದರೆ ಕಾರವಾರದ ಹತ್ತಿರ ಎನ್ನುತ್ತಾನೆ. ಮೂವತ್ತು ಸಾವಿರ ಜನರನ್ನು ಘಟ್ಟ ಹತ್ತಿಸಿದ ತರ್ಕದ್ದೇ ಇದು ಚಿಕ್ಕ ತಮ್ಮ. ಬಂದೂಕಿಲ್ಲ ಎಂಬುದಷ್ಟೇ ವ್ಯತ್ಯಾಸ. ತಮ್ಮ ಮೇಲೆ ಇದು ಪ್ರಯೋಗವಾದಾಗ ನೋಯುವವರು, ಕೆನರಾದ ಕ್ರೈಸ್ತರ ಮೇಲೆ ಪ್ರಯೋಗವಾದಾಗ ರಾಜನೀತಿ ಎನ್ನುವುದನ್ನು ನಾವು ಭಟ್ಕಳದಲ್ಲೂ ಕೇಳಿದ್ದೇವೆ, ಹೊನ್ನಾವರದಲ್ಲೂ ಕೇಳಿದ್ದೇವೆ. ಒಮ್ಮೆ ನಾವೇ ಹಾಗೆ ಅಂದದ್ದೂ ಇದೆ.

ಆದ್ದರಿಂದ ನಮ್ಮವರಲ್ಲಿ ಒಂದು ಕೋರಿಕೆ. ಮುಂದಿನ ಸಲ ಯಾರಾದರೂ ಬೂದಿ ಬುಧವಾರದ ಮಾತೆತ್ತಿದರೆ ಅನಂತಪುರವನ್ನು ಅಡ್ಡ ತರಬೇಡಿ. ಹೌದು, ಅದು ಅನ್ಯಾಯ ಎನ್ನಿ, ಅಲ್ಲಿಗೆ ನಿಲ್ಲಿಸಿ. ಟಿಪ್ಪು ಕಂಪನಿಯೊಡನೆ ಹೋರಾಡಿ ಸತ್ತದ್ದು ಅದರಿಂದ ಅಳಿಸಿಹೋಗುವುದಿಲ್ಲ. ಮಾತೆತ್ತಿದವರು ಗಾಝಾದ ಬಗ್ಗೆ, ಮೀರಿ ಹಡಗಿನ ಬಗ್ಗೆ ಏನನ್ನುತ್ತಾರೆ ಎಂದು ಕೇಳುವ ಹಕ್ಕು ನಮಗೆ ಬರುವುದು ಅದರ ನಂತರ.

ಕತಗಾಲದಲ್ಲಿ ಕಡೆಗೂ ಬಸ್ಸು ಬಂತು. ಆ ಅಜ್ಜನೂ ಹತ್ತಿದರು, ನಮ್ಮ ಪಕ್ಕದಲ್ಲೇ ಕುಳಿತರು. "ನಿಮ್ಮದು ಯಾವೂರಾಯ್ತು?" ಎಂದು ಕೇಳಿದರು. ಭಟ್ಕಳ ಎಂದೆವು. "ಹೌದಾ? ನಮ್ಮ ಮಗಳನ್ನ ಕೊಟ್ಟದ್ದು ಅದೇ ಬದಿಗೆ, ಶಿರಾಲಿಗೆ" ಎಂದು ಅವರು ಕುಮಟಾ ಬರುವವರೆಗೂ ಮಗಳ ಮನೆಯ ಸುದ್ದಿಯನ್ನೇ ಹೇಳಿದರು.